ಮರುಭೂಮಿಯ ದಾರಿಯಲ್ಲಿ ಹುಲ್ಲು ಕೀಳುವವರು

ಮರುಭೂಮಿಯಲ್ಲಿ ಹುಲ್ಲು ಬೆಳೆದಿದೆ ಅಂದರೆ ಖುಷಿಪಡಬೇಕು ಅಲ್ವಾ? ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್ ನಗರದ ಕಡೆ ಖುಷಿಪಡುವುದಿಲ್ಲ, ಹಾರೆ ತರುತ್ತಾರೆ. ಊರಿನ ಪಶ್ಚಿಮಕ್ಕೆ ಗೇಟ್ಸ್ ಪಾಸ್ ಅಂತ ಒಂದು ರಸ್ತೆ ಇದೆ. ಬೆಟ್ಟ ಹತ್ತಿ ಇಳಿಯುವ ಅಂಕುಡೊಂಕು ದಾರಿ. ಎರಡೂ ಕಡೆ ಕಂಬ ನೆಟ್ಟ ಹಾಗೆ ನಿಂತಿರುವ ಎತ್ತರದ ಕಳ್ಳಿಗಳು. ಸಂಜೆಯಾದರೆ ಜನ ಕಾರು ನಿಲ್ಲಿಸಿ, ಬಂಡೆಯ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಇದೇ ಬೆಟ್ಟಸಾಲಿಗೆ ಇನ್ನೊಂದು ಥರದ ಜನವೂ ಬರುತ್ತಾರೆ. ಕೈಗೆ ದಪ್ಪ ಗ್ಲೌಸ್, ಹೆಗಲ ಮೇಲೆ ಹಾರೆ, ಬೆನ್ನಿಗೆ ನೀರಿನ ಬಾಟಲಿ. ಇವರು ಹುಲ್ಲು ಕೀಳಲು ಬಂದವರು. ಸಂಬಳ ಇಲ್ಲ, ಊಟವನ್ನೂ ತಾವೇ ಕಟ್ಟಿಕೊಂಡು ಬರಬೇಕು. ಸೊನೋರನ್ ಡೆಸರ್ಟ್ ವೀಡ್‌ವ್ಯಾಕರ್ಸ್ ಅನ್ನೋ ಸ್ವಯಂಸೇವಕರ ಗುಂಪು 2000ದಿಂದ ಇಲ್ಲಿ ಇದನ್ನೇ ಮಾಡುತ್ತಿದೆ.

ಇವರು ಯಾಕೆ ಇಷ್ಟು ಕಷ್ಟಪಡುತ್ತಾರೆ ಅಂತ ತಿಳಿಯಬೇಕಾದರೆ ಮೊದಲು ರಸ್ತೆಯನ್ನು ನೋಡಬೇಕು. ಒಣ ನಾಡಿನಲ್ಲಿ ಡಾಂಬರು ರಸ್ತೆ ಅಂದರೆ ಒಂದು ರೀತಿಯಲ್ಲಿ ನೀರಿನ ಕಾಲುವೆ. ಟೂಸಾನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 300 ಮಿಲಿಮೀಟರ್. ಅರ್ಧದಷ್ಟು ಜುಲೈನಿಂದ ಸೆಪ್ಟೆಂಬರ್‌ವರೆಗಿನ ಗುಡುಗುಮಳೆಯಲ್ಲಿ ಬರುತ್ತದೆ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಚಳಿಗಾಲದ್ದು. ಡಾಂಬರು ಒಂದು ಹನಿಯನ್ನೂ ಕುಡಿಯುವುದಿಲ್ಲ. ತನ್ನ ಮೇಲೆ ಬಿದ್ದದ್ದನ್ನೆಲ್ಲ ಎರಡು ಅಂಚಿಗೆ ಸುರಿದುಬಿಡುತ್ತದೆ. ಹಾಗಾಗಿ ಅಂಚಿನ ಒಂದೆರಡು ಮೀಟರ್ ಅಗಲದ ಪಟ್ಟಿಗೆ ತನ್ನ ಪಾಲಿನ ಮಳೆಯ ಜೊತೆಗೆ ರಸ್ತೆಯ ಪಾಲೂ ಸಿಗುತ್ತದೆ. ಕ್ರಿಯೊಸೋಟ್ ಅನ್ನೋ ಪೊದೆ ಅಲ್ಲಿ ಎಲ್ಲೆಲ್ಲೂ ಇದೆ. ರಸ್ತೆ ಪಕ್ಕದ ಪೊದೆ ದಟ್ಟವಾಗಿ ಹಸಿರಾಗಿರುತ್ತದೆ, ಸ್ವಲ್ಪ ಒಳಗೆ ನಡೆದರೆ ಅದೇ ಜಾತಿಯ ಪೊದೆ ಸಣಕಲಾಗಿ ನಿಂತಿರುತ್ತದೆ. ಕಾರಿನಲ್ಲಿ ಕೂತು ನೋಡುವವರಿಗೆ ಕಾಣುವುದು ಈ ಹೆಚ್ಚುವರಿ ನೀರು ಕುಡಿದ ಮರುಭೂಮಿ.

ಆ ನೀರು ಬೇಡದ ಅತಿಥಿಗಳನ್ನೂ ಕರೆಯುತ್ತದೆ. ಟೈರಿನ ಮಣ್ಣಿನಲ್ಲಿ ಬೀಜ ಬರುತ್ತದೆ, ಜಲ್ಲಿ ಲೋಡಿನಲ್ಲಿ ಬರುತ್ತದೆ, ಅಂಚಿನ ಗಿಡ ಸವರುವ ಯಂತ್ರದಲ್ಲಿ ಬರುತ್ತದೆ, ಲಾರಿ ಹೋದ ರಭಸದ ಗಾಳಿಯಲ್ಲೇ ಮುಂದಕ್ಕೆ ಹಾರುತ್ತದೆ. ಇಳಿದ ಜಾಗದಲ್ಲಿ ಮಣ್ಣು ಸಡಿಲವಾಗಿದೆ, ತೇವ ಇದೆ, ಪೈಪೋಟಿ ಕಮ್ಮಿ. ಇನ್ನೇನು ಬೇಕು?

ಹಾಗೆ ಹಬ್ಬಿದವುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಬಫೆಲ್ ಹುಲ್ಲು. ಇದರ ತವರು ಆಫ್ರಿಕಾದಿಂದ ಭಾರತದವರೆಗಿನ ಒಣ ಪ್ರದೇಶ. ಅರಿಝೋನಾಗೆ ಇದು ತಾನಾಗಿ ಬರಲಿಲ್ಲ. 1930ರ ದಶಕದಲ್ಲಿ ದನಗಳ ಮೇವಿಗೆ, ಮಣ್ಣಿನ ಸವಕಳಿ ತಡೆಯುವುದಕ್ಕೆ ಅಂತ ಜನರೇ ತಂದರು. ಆಗಿನ ಮಟ್ಟಿಗೆ ಅದು ಪೆದ್ದ ಯೋಚನೆ ಅಂತ ನನಗೆ ಅನಿಸುವುದಿಲ್ಲ. ಬರ ತಡೆದುಕೊಳ್ಳುವ, ಎಷ್ಟು ಮೇಯ್ದರೂ ಬುಡದಿಂದ ಮತ್ತೆ ಚಿಗುರುವ ಹುಲ್ಲು ಯಾವ ದನಗಾರನಿಗೆ ಬೇಡ? ಆದರೆ ಆ ಗುಣಗಳೇ ಮುಂದೆ ಕುತ್ತಾದವು.

ಟೂಸಾನ್ ಸುತ್ತಲಿನ ಈ ಮರುಭೂಮಿಯ ಹೆಸರು ಸೊನೋರನ್. ಅದರ ಫೋಟೊ ನೋಡಿ. ಗಿಡಗಳು ಒಂದಕ್ಕೊಂದು ತಾಗದ ಹಾಗೆ ನಿಂತಿರುತ್ತವೆ, ನಡುವೆ ಬರೀ ನೆಲ. ನಮ್ಮ ಕಣ್ಣಿಗೆ ಅದು ಸುಮ್ನೆ ಖಾಲಿ ಜಾಗ. ಬೆಂಕಿಗೆ ಅದು ಗೋಡೆ. ಸಿಡಿಲು ಬಡಿದು ಒಂದು ಮರ ಹೊತ್ತಿಕೊಂಡರೆ ಅದು ಉರಿದು ಅಲ್ಲೇ ಆರುತ್ತದೆ, ಪಕ್ಕದ ಮರಕ್ಕೆ ಹೋಗಲು ದಾರಿ ಇಲ್ಲ. ಸಾವಿರಾರು ವರ್ಷ ಹೀಗೇ ನಡೆದಿದ್ದರಿಂದ ಇಲ್ಲಿನ ಗಿಡಗಳಿಗೆ ಬೆಂಕಿಯ ಅಭ್ಯಾಸವೇ ಇಲ್ಲ. ಬಫೆಲ್ ಬಂದು ಆ ಖಾಲಿ ಜಾಗಗಳನ್ನು ತುಂಬುತ್ತದೆ. ಸೊಂಟದೆತ್ತರದ ಹಿಂಡುಹಿಂಡು ಹುಲ್ಲು, ಒಣಗಿದರೂ ಬೀಳದೆ ನಿಂತೇ ಇರುತ್ತದೆ. ಒಂದು ಕಿಡಿ ಬಿದ್ದರೆ ಇಡೀ ಇಳಿಜಾರು ಒಂದೇ ಒಲೆ. ಬಫೆಲ್ ಬೆಂಕಿಯ ಶಾಖ 700 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಉರಿದ ಮೇಲೆ ಕಳ್ಳಿ ಸಾಯುತ್ತದೆ, ಹುಲ್ಲು ಬುಡದಿಂದ ಚಿಗುರುತ್ತದೆ. ಅಂದರೆ ಪ್ರತಿ ಬೆಂಕಿಯೂ ಹುಲ್ಲಿಗೇ ಲಾಭ.

ಸಾಯುವವರ ಸಾಲಿನಲ್ಲಿ ಮೊದಲು ನಿಲ್ಲುವುದು ಸವಾರೋ. ಆ ಎತ್ತರದ ಕಳ್ಳಿಕಂಬದ ಹೆಸರು ಇದೇ (ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ‘ಜಿ’ ಇದೆ, ಹೇಳುವಾಗ ಅದನ್ನು ನುಂಗಿಬಿಡುತ್ತಾರೆ). ಇದು ಮೊದಲ ಹೂವು ಬಿಡಲು ಸುಮಾರು 35 ವರ್ಷ ಬೇಕು. ಪಕ್ಕಕ್ಕೆ ಕೈ ಚಾಚಲು 50ರಿಂದ 75 ವರ್ಷ, ಮಳೆ ಕಮ್ಮಿ ಇರುವ ಕಡೆ 100 ವರ್ಷವೂ ಆಗಬಹುದು. ಬೆಂಕಿ ತಾಗಿದ ದೊಡ್ಡ ಸವಾರೋ ಕೂಡಲೇ ಬೀಳುವುದಿಲ್ಲ. ಎಲೆ ಇಲ್ಲದ ಗಿಡಕ್ಕೆ ಹಸಿರು ಚರ್ಮವೇ ಅಡುಗೆಮನೆ, ಅದು ಸುಟ್ಟುಹೋದರೆ ಹೊಟ್ಟೆಯಲ್ಲಿ ಕೂಡಿಟ್ಟ ನೀರಿನ ಮೇಲೆ ಒಂದಷ್ಟು ವರ್ಷ ನಿಂತಿದ್ದು ಆಮೇಲೆ ಉರುಳುತ್ತದೆ. ಬೆಂಕಿಯ ಸುದ್ದಿಯನ್ನು ಎಲ್ಲರೂ ಮರೆತ ಮೇಲೆ ಸಾವು ಎಣಿಕೆಗೆ ಸಿಗುತ್ತದೆ.

ಇದು ಬರೀ ಹೆದರಿಸುವ ಮಾತಲ್ಲ. 2005ರ ಜೂನ್‌ನಲ್ಲಿ ಅದೇ ರಾಜ್ಯದ ಫೀನಿಕ್ಸ್ ನಗರದ ಉತ್ತರಕ್ಕೆ ಕೇವ್ ಕ್ರೀಕ್ ಕಡೆ ಸಿಡಿಲಿನಿಂದ ಹೊತ್ತಿದ ಬೆಂಕಿ ಸುಮಾರು 2.4 ಲಕ್ಷ ಎಕರೆ ಸುಟ್ಟಿತು. ಅಲ್ಲಿ ಉರುವಲಾಗಿದ್ದು ಬೇರೊಂದು ಹೊರಗಿನ ಹುಲ್ಲು, ಮೆಡಿಟರೇನಿಯನ್ ಕಡೆಯಿಂದ ಬಂದ ರೆಡ್ ಬ್ರೋಮ್. ಹಿಂದಿನ ಚಳಿಗಾಲದಲ್ಲಿ ಮಳೆ ಚೆನ್ನಾಗಿ ಆಗಿತ್ತು, ಹುಲ್ಲು ಸೊಂಪಾಗಿ ಬೆಳೆದು ಬೇಸಿಗೆಗೆ ಒಣಗಿ ಕಾಯುತ್ತಿತ್ತು. 2020ರ ಜೂನ್‌ನಲ್ಲಿ ಫೀನಿಕ್ಸ್‌ನ ಈಶಾನ್ಯಕ್ಕೆ ಬುಷ್ ಹೈವೇ ಮತ್ತು 87ನೇ ರಾಜ್ಯ ಹೆದ್ದಾರಿ ಸೇರುವ ಕಡೆ ಇನ್ನೊಂದು ಬೆಂಕಿ ಎದ್ದಿತು. ಅದಕ್ಕೆ ಮನುಷ್ಯರೇ ಕಾರಣ. ಉರಿದದ್ದು 1.9 ಲಕ್ಷ ಎಕರೆಗೂ ಜಾಸ್ತಿ. ಕಿಡಿ ಹುಟ್ಟುವುದು ರಸ್ತೆಯಲ್ಲಿ, ಹುಲ್ಲು ದಟ್ಟವಾಗಿರುವುದೂ ರಸ್ತೆಯಂಚಿನಲ್ಲಿ. ಈ ಎರಡನ್ನೂ ಬೇರೆ ಇಡುವುದೇ ಹಾರೆ ಹಿಡಿದವರ ಕೆಲಸ. ನೋಟ ಚೆಂದವಾಗಿ ಉಳಿಯುವುದು ಅದರ ಜೊತೆಗೆ ಸಿಗುವ ಲಾಭ.

ಕೀಳುವುದರಲ್ಲೂ ಒಂದು ಪಟ್ಟು ಇದೆ. ಎಳೆದರೆ ಬರುವ ಹುಲ್ಲಲ್ಲ ಇದು. ಬುಡದ ಗಡ್ಡೆಯಂಥ ಭಾಗ ಚೂರು ಉಳಿದರೂ ಮತ್ತೆ ಚಿಗುರುತ್ತದೆ. ಅದಕ್ಕೇ ಬುಡದ ಕೆಳಗೆ ಹಾರೆ ತೂರಿಸಿ ಮೀಟುತ್ತಾರೆ. ಬೇರಿನ ಮಣ್ಣನ್ನು ಅಲ್ಲೇ ಕೊಡವುತ್ತಾರೆ. ತೆನೆ ಬಂದಿದ್ದರೆ ಚೀಲಕ್ಕೆ ತುಂಬಿ ಹೊತ್ತೊಯ್ಯುತ್ತಾರೆ. ಕಳೆನಾಶಕ ಹೊಡೆದರೆ ಬೇಗ ಮುಗಿಯುವುದಿಲ್ಲವೇ ಅಂತ ಕೇಳಬಹುದು. ಹೊಡೆಯುತ್ತಾರೆ, ಆದರೆ ಹುಲ್ಲು ಹಸಿರಾಗಿದ್ದಾಗ ಮಾತ್ರ ಔಷಧ ಒಳಗಿಳಿಯುತ್ತದೆ, ಅಂದರೆ ಬೇಸಿಗೆ ಮಳೆಯ ನಂತರದ ಕೆಲವೇ ವಾರ. ಹಾರೆಗೆ ಅಂಥ ನಿರ್ಬಂಧ ಇಲ್ಲ, ವರ್ಷದ ಯಾವ ತಿಂಗಳಾದರೂ ಸೈ. ಬೀಜ ಮಣ್ಣಿನಲ್ಲಿ ಕೆಲವು ವರ್ಷ ಜೀವ ಹಿಡಿದಿರುವುದರಿಂದ ಒಮ್ಮೆ ಕಿತ್ತ ಇಳಿಜಾರಿಗೆ ಮುಂದಿನ ವರ್ಷ ಬರಬೇಕು, ಅದರ ಮುಂದಿನ ವರ್ಷವೂ ಬರಬೇಕು. ಅರಿಝೋನಾ ಸರ್ಕಾರ ಬಫೆಲ್ ಅನ್ನು ಹಾನಿಕರ ಕಳೆಗಳ ಪಟ್ಟಿಗೆ ಸೇರಿಸಿದ್ದು 2005ರಲ್ಲಿ. ತಂದು ಬಿತ್ತಿ 70 ವರ್ಷದ ಮೇಲೆ.

ಫೀನಿಕ್ಸ್ ಕಡೆ ಹೋದರೆ ಶತ್ರು ಬೇರೆ. ದಕ್ಷಿಣ ಆಫ್ರಿಕಾದಿಂದ ಬಂದ ಸ್ಟಿಂಕ್‌ನೆಟ್, ಗುಂಡಗೆ ಗೋಲಿಯಂಥ ಹಳದಿ ಹೂವು, ಕೆಟ್ಟ ವಾಸನೆ. ಚಳಿಗಾಲದ ಕೊನೆಗೆ ರಸ್ತೆಯುದ್ದಕ್ಕೂ ಅರಳುತ್ತದೆ, ಗೊತ್ತಿಲ್ಲದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸಹಾರಾ ಸಾಸಿವೆಯೂ ಇದೆ, ಅದರ ಬೀಜ ಒದ್ದೆಯಾದರೆ ಲೋಳೆಯಾಗಿ ಗಾಡಿಗೆ ಅಂಟಿಕೊಂಡು ಊರೂರು ಸುತ್ತುತ್ತದೆ.

ಇನ್ನು ಜನ ರಸ್ತೆಯಂಚಿಗೆ ಎಸೆಯುವ ಕಸ. ಇದರ ಬಗ್ಗೆ ಹೇಳುವಾಗ ಎಲ್ಲರೂ ‘ಅಸಹ್ಯ’ ಅಂದು ಮುಗಿಸುತ್ತಾರೆ, ಆದರೆ ಮರುಭೂಮಿಯಲ್ಲಿ ಕಸದ ಲೆಕ್ಕವೇ ಬೇರೆ. ಕೊಳೆಯಬೇಕಾದರೆ ಸೂಕ್ಷ್ಮಜೀವಿಗಳಿಗೆ ತೇವ ಬೇಕು. ತೇವ ಇಲ್ಲದ ಕಡೆ ಕಿತ್ತಳೆ ಸಿಪ್ಪೆ ಕೂಡ ಕೊಳೆಯದೆ ಚರ್ಮದ ಹಾಗೆ ಒಣಗಿ ಬಿದ್ದಿರುತ್ತದೆ. ‘ಸಿಪ್ಪೆ ತಾನೇ, ಮಣ್ಣಾಗುತ್ತೆ ಬಿಡು’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಪ್ಲಾಸ್ಟಿಕ್ ಚೀಲವನ್ನು ಬಿಸಿಲು ಸುಟ್ಟು ಸುಟ್ಟು ಹಪ್ಪಳ ಮಾಡುತ್ತದೆ, ಆಮೇಲೆ ಮುಟ್ಟಿದರೆ ಪುಡಿ. ಅದಕ್ಕೇ ಇಡಿಯಾಗಿರುವಾಗಲೇ ಹೆಕ್ಕಬೇಕು. ಖಾಲಿ ಬಾಟಲಿಯೊಳಗೆ ಹಲ್ಲಿ ನುಗ್ಗಿದರೆ ನುಣುಪು ಗೋಡೆಯಲ್ಲಿ ಜಾರಿ ಜಾರಿ ಹೊರಬರಲಾರದೆ ಬೆಂದುಹೋಗುತ್ತದೆ. ಸಿಗರೇಟಿನ ತುದಿಯ ಫಿಲ್ಟರ್ ಹತ್ತಿಯಂತೆ ಕಂಡರೂ ಅದು ಸೆಲ್ಯುಲೋಸ್ ಅಸಿಟೇಟ್ ಅನ್ನೋ ಪ್ಲಾಸ್ಟಿಕ್. ಆರದೆ ಬಿದ್ದರಂತೂ ಆ ಒಣ ಹುಲ್ಲು ಪಕ್ಕದಲ್ಲೇ ಇದೆ.

ಕಸ ಹೆಕ್ಕಲು ರಸ್ತೆಯ ಒಂದು ತುಂಡನ್ನು ದತ್ತು ತೆಗೆದುಕೊಳ್ಳುವ ಪದ್ಧತಿ ಶುರುವಾದದ್ದು ಟೆಕ್ಸಸ್‌ನ ಟೈಲರ್ ಊರಿನಲ್ಲಿ, 1985ರಲ್ಲಿ. ಸಾಮಾನ್ಯವಾಗಿ ಒಂದು ಗುಂಪಿಗೆ 2 ಮೈಲಿ, ಅಂದರೆ 3.2 ಕಿಲೋಮೀಟರ್. ಆ ತುಂಡಿನ ತುದಿಯಲ್ಲಿ ಗುಂಪಿನ ಹೆಸರಿನ ಬೋರ್ಡು. ಬೋರ್ಡಿನ ಆಸೆಗೇ ಕೆಲವರು ಸೇರುತ್ತಾರೆ ಅನ್ನೋದು ನನ್ನ ಅನುಮಾನ, ಸೇರಲಿ ಬಿಡಿ, ಬಾಟಲಿ ಹೆಕ್ಕಿದರೆ ಸಾಕು.

ಆದರೆ ಒಳ್ಳೆಯ ಮನಸ್ಸಿನಿಂದ ಬಂದವರೂ ಕೆಡಿಸಬಹುದು. ಮರುಭೂಮಿಯ ನೆಲದ ಮೇಲೆ ಕಪ್ಪು ಮಿಶ್ರಿತ ಒರಟು ಪದರವೊಂದು ಇರುತ್ತದೆ. ನೋಡಿದರೆ ಸುಮ್ನೆ ಗಟ್ಟಿ ಮಣ್ಣು. ಅದು ಜೀವಂತ. ಸಯನೋಬ್ಯಾಕ್ಟೀರಿಯಾ ಅನ್ನೋ ಸೂಕ್ಷ್ಮಜೀವಿಗಳು, ಕಲ್ಲುಹೂವು, ಹಾವಸೆ ಸೇರಿ ಮರಳಿನ ಕಣಗಳನ್ನು ಹೆಣೆದಿರುತ್ತವೆ. ಅದರಲ್ಲಿರುವ ಕೆಲವು ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಬೂಟುಗಾಲಿನಲ್ಲಿ ತುಳಿದರೆ ಮುರಿಯುತ್ತದೆ, ಸರಿಹೋಗಲು ವರ್ಷಗಳು, ಎಷ್ಟೋ ಕಡೆ ದಶಕಗಳು ಬೇಕು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಿಂದ 1944ರವರೆಗೆ, ಕ್ಯಾಲಿಫೋರ್ನಿಯಾ–ಅರಿಝೋನಾ ಮರುಭೂಮಿಯಲ್ಲಿ ಅಮೆರಿಕದ ಸೇನೆ ಟ್ಯಾಂಕ್ ತರಬೇತಿ ನಡೆಸಿತ್ತು. ಆ ಟ್ಯಾಂಕುಗಳ ಗುರುತು ನೆಲದ ಮೇಲೆ ಇವತ್ತಿಗೂ ಕಾಣುತ್ತದೆ. ಹಾಗಾಗಿ ಸ್ವಯಂಸೇವಕರಿಗೆ ಮೊದಲ ಪಾಠ ಕಾಲು ಎಲ್ಲಿಡಬೇಕು ಅನ್ನೋದು: ಬಂಡೆಯ ಮೇಲೆ, ನೀರು ಹರಿದ ಮರಳಿನ ಮೇಲೆ.

ಆಮೆಯ ಪಾಠವೂ ಇದೆ. ಮರುಭೂಮಿ ಆಮೆ ತನ್ನ ಮೂತ್ರಕೋಶದಲ್ಲೇ ನೀರು ಕೂಡಿಡುತ್ತದೆ. ಮುದ್ದು ಬಂತೆಂದು ಎತ್ತಿದರೆ ಹೆದರಿ ಅದನ್ನೆಲ್ಲ ಬಿಟ್ಟುಬಿಡುತ್ತದೆ, ಮುಂದಿನ ಮಳೆಯ ತನಕ ಬದುಕುವುದೇ ಕಷ್ಟವಾಗಬಹುದು. ರಸ್ತೆ ಮಧ್ಯೆ ಸಿಕ್ಕಿಕೊಂಡಿದ್ದರೆ ಮಾತ್ರ, ಮೆಲ್ಲಗೆ, ನೆಲದ ಹತ್ತಿರವೇ ಹಿಡಿದು, ಅದು ಯಾವ ಕಡೆ ಹೊರಟಿತ್ತೋ ಆ ಕಡೆಗೇ ದಾಟಿಸಬೇಕು. ಚೋಯಾ ಅನ್ನೋ ಕಳ್ಳಿಯ ತುಂಡು ಮೈಗೆ ಅಂಟಿದರೆ ಬೆರಳಿನಿಂದ ಕೀಳಬಾರದು, ಬೆರಳೂ ಅಂಟುತ್ತದೆ. ಜೇಬಿನಲ್ಲಿರುವ ಬಾಚಣಿಗೆಯನ್ನು ತುಂಡಿನ ಕೆಳಗೆ ತೂರಿಸಿ ಚಿಮ್ಮಬೇಕು. ಅಲ್ಲಿ ಬಾಚಣಿಗೆ ಇರುವುದು ತಲೆಗಲ್ಲ.

ರಸ್ತೆ ಅಗಲ ಮಾಡುವಾಗ ಕೆಲಸ ಇನ್ನೂ ನಾಜೂಕು. ಟೂಸಾನ್‌ನ ಕಳ್ಳಿಪ್ರಿಯರ ಸಂಘದ ಸದಸ್ಯರು ಬುಲ್ಡೋಜರ್ ಬರುವ ಮುಂಚೆ ಹೋಗಿ, ಅನುಮತಿ ಪಡೆದು, ಕಳ್ಳಿಗಳನ್ನು ಅಗೆದು ತರುತ್ತಾರೆ. ಸವಾರೋದ ಹೆಚ್ಚಿನ ಬೇರುಗಳು ನೆಲದಿಂದ 10–15 ಸೆಂಟಿಮೀಟರ್ ಆಳದಲ್ಲೇ, ಗಿಡ ಎಷ್ಟು ಎತ್ತರವೋ ಅಷ್ಟು ದೂರ ಹರಡಿರುತ್ತವೆ. ಅಗೆಯುವ ಮುಂಚೆ ಗಿಡದ ದಕ್ಷಿಣದ ಮೈಗೆ ಗುರುತು ಹಾಕುತ್ತಾರೆ, ಹೊಸ ಜಾಗದಲ್ಲೂ ಅದೇ ಮೈ ದಕ್ಷಿಣಕ್ಕೇ ಇರಬೇಕು. ತಿರುಗಿಸಿ ನೆಟ್ಟರೆ ಬಿಸಿಲು ಕಂಡಿರದ ಮೈ ಸುಟ್ಟುಹೋಗುತ್ತದೆ. ದೊಡ್ಡ ಗಿಡ ನೆಟ್ಟ ಕೂಡಲೇ ಗೆದ್ದೆವು ಅನ್ನುವ ಹಾಗಿಲ್ಲ, ಒಳಗೆ ನೀರು ಇರುವ ತನಕ ಸತ್ತದ್ದೂ ಬದುಕಿದ ಹಾಗೇ ಕಾಣುತ್ತದೆ. ಕದಿಯುವವರ ಕಾಟ ಬೇರೆ. ಸವಾರೋ ರಾಷ್ಟ್ರೀಯ ಉದ್ಯಾನದಲ್ಲಿ ರಸ್ತೆ ಹತ್ತಿರದ ಕಳ್ಳಿಗಳ ಮೈಯೊಳಗೆ ಮೈಕ್ರೋಚಿಪ್ ಸೇರಿಸಿದ್ದಾರೆ.

ಹುಲ್ಲು ಕೀಳುವಾಗ ಹಾರೆ ಹಿಡಿದವರು ಇನ್ನೊಂದು ವಿಷಯಕ್ಕೆ ಬಗ್ಗಿ ನೋಡುತ್ತಾರೆ. ಸವಾರೋ ಸಸಿ ಬಯಲಿನಲ್ಲಿ ಬದುಕುವುದು ಅಪರೂಪ. ಪಾಲೊ ವರ್ಡೆ ಮರದ ನೆರಳಿನಲ್ಲಿ, ಅದರ ಉದುರಿದ ಎಲೆಕಡ್ಡಿಯ ನಡುವೆ ಬೆಳೆಯುತ್ತದೆ. ಎಂಟು ವರ್ಷ ಬೆಳೆದ ಸಸಿ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್, ಹೆಬ್ಬೆರಳಿನ ತುದಿಯಷ್ಟು. ಬಫೆಲ್ ಕೂಡ ಅದೇ ನೆರಳಿಗೆ ನುಗ್ಗಿರುತ್ತದೆ. ಹುಲ್ಲಿನ ಬುಡ ಯಾವುದು, ಸಸಿ ಯಾವುದು ಅಂತ ಕೈಯಿಂದ ಬಿಡಿಸಿ ನೋಡಿ ಆಮೇಲೆ ಹಾರೆ ಇಳಿಸುತ್ತಾರೆ.