ಒಂದು ಸಾಲಿನ 'ರಿಕ್ವೈರ್', ಹದಿನೈದು ವರ್ಷದ ಜಗ್ಗಾಟ

1995ರಲ್ಲಿ ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಹುಟ್ಟಿದಾಗ ಅದರಲ್ಲಿ ಮಾಡ್ಯೂಲ್ ಅನ್ನೋದೇ ಇರಲಿಲ್ಲ. ಮಾಡ್ಯೂಲ್ ಅಂದರೆ ತನ್ನ ಹೆಸರುಗಳನ್ನು ತನ್ನೊಳಗೇ ಇಟ್ಟುಕೊಂಡು, ಬೇಕಾದ್ದನ್ನಷ್ಟೇ ಬೇರೆ ಫೈಲುಗಳಿಗೆ ಕೊಡುವ ಕೋಡ್ ಫೈಲು. ವೆಬ್ ಪುಟದಲ್ಲಿ ನಾಲ್ಕು ಸಾಲು ಓಡಿಸೋಕೆ ಅದು ಬೇಕಾಗಿಯೂ ಇರಲಿಲ್ಲ. ಆದರೆ ಕೋಡ್ ಬೆಳೆಯುತ್ತಾ ಹೋಯಿತು. ಎಲ್ಲ ಫೈಲುಗಳ ಹೆಸರುಗಳೂ ಒಂದೇ ಗ್ಲೋಬಲ್ ಜಾಗಕ್ಕೆ ಬಂದು ಬೀಳುತ್ತಿದ್ದವು. ಒಂದು ಫೈಲಿನ 'ಕೌಂಟ್' ಇನ್ನೊಂದರ 'ಕೌಂಟ್' ಅನ್ನು ಸದ್ದಿಲ್ಲದೆ ಅಳಿಸಿಬಿಡುತ್ತಿತ್ತು. ಕೋಡನ್ನೆಲ್ಲ ಒಂದು ಫಂಕ್ಷನ್ ಒಳಗೆ ಬಚ್ಚಿಟ್ಟು, ಅದನ್ನು ಅಲ್ಲೇ ಕರೆದು, ಜನ ಹೇಗೋ ಕಾಲ ತಳ್ಳಿದರು.

ಸರ್ವರ್‌ನಲ್ಲಿ ಇದು ಸಾಕಾಗಲಿಲ್ಲ. 2009ರ ಜನವರಿಯಲ್ಲಿ ಕೆವಿನ್ ಡ್ಯಾಂಗೂರ್ 'ಸರ್ವರ್‌ಜೆಎಸ್' ಎಂಬ ಪ್ರಯತ್ನ ಶುರು ಮಾಡಿದರು, ಸರ್ವರ್ ಕೋಡ್ ಬರೆಯೋಕೆ ಎಲ್ಲರೂ ಒಪ್ಪುವ ಒಂದು ಪದ್ಧತಿ ಬೇಕು ಅಂತ. ಇದು ತಾಂತ್ರಿಕ ಸಮಸ್ಯೆಯಲ್ಲ, ಜನ ಒಟ್ಟಿಗೆ ಕೂತು ತೀರ್ಮಾನ ಮಾಡಬೇಕಾದ ವಿಷಯ ಎಂಬುದು ಅವರ ವಾದ. ಆಗಸ್ಟ್‌ನಲ್ಲಿ ಅದರ ಹೆಸರು 'ಕಾಮನ್‌ಜೆಎಸ್' ಆಯಿತು. ನವೆಂಬರ್‌ನಲ್ಲಿ ರಯಾನ್ ಡಾಲ್ ಬರ್ಲಿನ್‌ನಲ್ಲಿ ಜಾವಾಸ್ಕ್ರಿಪ್ಟನ್ನು ಬ್ರೌಸರ್ ಹೊರಗೆ, ಸರ್ವರ್‌ನಲ್ಲಿ ಓಡಿಸುವ ನೋಡ್ (Node.js) ಅನ್ನು ಜನರ ಮುಂದಿಟ್ಟರು. ನೋಡ್ ಅಪ್ಪಿಕೊಂಡದ್ದು ಕಾಮನ್‌ಜೆಎಸ್‌ನ ಮಾಡ್ಯೂಲ್ ಪದ್ಧತಿಯನ್ನು: ಒಂದು ಫೈಲು ಇನ್ನೊಂದನ್ನು 'ರಿಕ್ವೈರ್' ಅಂತ ಕರೆದು ತರಿಸಿಕೊಳ್ಳುತ್ತದೆ, ಹೊರಗೆ ಕೊಡಬೇಕಾದ್ದನ್ನು 'ಎಕ್ಸ್‌ಪೋರ್ಟ್ಸ್'ನಲ್ಲಿ ಇಡುತ್ತದೆ.

ಒಳಗೆ ನಡೆಯೋದು ತುಂಬಾ ಸರಳ. ನೋಡ್ ನಿಮ್ಮ ಫೈಲನ್ನು ಓದಿ, ಅದರ ಸುತ್ತ ಒಂದು ಫಂಕ್ಷನ್ ಸುತ್ತುತ್ತದೆ. 'ಎಕ್ಸ್‌ಪೋರ್ಟ್ಸ್', 'ರಿಕ್ವೈರ್', 'ಮಾಡ್ಯೂಲ್' ಎಲ್ಲವೂ ಆ ಫಂಕ್ಷನ್ನಿನ ಪ್ಯಾರಾಮೀಟರ್‌ಗಳು. ಅಂದರೆ ಹಳೇ ಬಚ್ಚಿಡುವ ಉಪಾಯವೇ, ಈಗ ಅದನ್ನು ನಮ್ಮ ಬದಲು ನೋಡ್ ಮಾಡುತ್ತದೆ. ಹೊಸಬರು ಎಡವುವ ಜಾಗವೂ ಇಲ್ಲೇ ಇದೆ. 'ಎಕ್ಸ್‌ಪೋರ್ಟ್ಸ್' ಅನ್ನೋ ಹೆಸರಿಗೇ ಹೊಸ ಫಂಕ್ಷನ್ ಕೊಟ್ಟರೆ ಹೊರಗೆ ಬರೋದು ಖಾಲಿ ಆಬ್ಜೆಕ್ಟ್. ಯಾಕಂದ್ರೆ 'ಎಕ್ಸ್‌ಪೋರ್ಟ್ಸ್' ಬರೀ ಇನ್ನೊಂದು ಹೆಸರು, ನೋಡ್ ಹಿಂದಿರುಗಿಸೋದು 'ಮಾಡ್ಯೂಲ್.ಎಕ್ಸ್‌ಪೋರ್ಟ್ಸ್' ಅನ್ನು.

ಫೈಲು ಓಡೋದು ಒಮ್ಮೆ ಮಾತ್ರ, ಆಮೇಲೆ ಸಿಗೋದು ಕ್ಯಾಶ್‌ನಲ್ಲಿ, ಅಂದರೆ ಮೊದಲ ಸಲ ತೆಗೆದಿಟ್ಟ ಪ್ರತಿಯಲ್ಲಿ, ಇರೋದೇ. ಹಾಗಾಗಿ ಡೇಟಾಬೇಸ್ ಸಂಪರ್ಕವನ್ನು ಒಂದು ಮಾಡ್ಯೂಲ್‌ನಲ್ಲಿ ತೆರೆದಿಟ್ಟರೆ ಅದನ್ನು ಕರೆದ ಹತ್ತು ಫೈಲುಗಳಿಗೂ ಅದೇ ಸಂಪರ್ಕ ಸಿಗುತ್ತದೆ. ಬೇರೆಯವರಿಗೆ ಕಾಣಬೇಕಾದ ಎರಡು ಮೂರು ಫಂಕ್ಷನ್ ಹೊರಗೆ, ಉಳಿದದ್ದೆಲ್ಲ ಒಳಗೆ. ಮತ್ತೆ ಮತ್ತೆ ಬಳಸಬಹುದಾದ ಮಾಡ್ಯೂಲ್ ಅಂದರೆ ಇದೇ. ಕೋಡನ್ನು ಸುಮ್ನೆ ಹತ್ತು ಫೈಲಿಗೆ ಹಂಚಿದರೆ ಅದು ಬರೋದಿಲ್ಲ.

2010ರಲ್ಲಿ ಐಸಾಕ್ ಶ್ಲೂಟರ್ ಅವರ ಎನ್‌ಪಿಎಂ ಬಂತು. ಬೇರೆಯವರು ಬರೆದ ಕೋಡನ್ನು ಪ್ಯಾಕೇಜ್ ಆಗಿ ಹಂಚುವ, ಇಳಿಸಿಕೊಳ್ಳುವ ಸಾಧನ ಅದು. ಪ್ಯಾಕೇಜುಗಳ ಮಹಾಪೂರವೇ ಹರಿಯಿತು. ಪುಟ್ಟ ಪ್ಯಾಕೇಜುಗಳ ಮೇಲಿನ ಅವಲಂಬನೆ ಎಷ್ಟು ಜಾಸ್ತಿ ಆಗಿತ್ತು ಅಂತ 2016ರ ಮಾರ್ಚ್‌ನಲ್ಲಿ ಗೊತ್ತಾಯಿತು. 'ಲೆಫ್ಟ್‌ಪ್ಯಾಡ್' ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಬರೆದವರೇ ತೆಗೆದಾಗ ಎಷ್ಟೋ ದೊಡ್ಡ ಯೋಜನೆಗಳ ಬಿಲ್ಡ್ (ಕೋಡನ್ನು ಓಡಿಸಲು ಸಿದ್ಧಮಾಡುವ ಕೆಲಸ) ನಿಂತುಹೋಯಿತು.

ನಿಜವಾದ ಜಗ್ಗಾಟ ಬೇರೆಯೇ. 'ರಿಕ್ವೈರ್' ಫೈಲು ಪೂರ್ತಿ ಓದಿ ಓಡಿಸುವವರೆಗೆ ಮುಂದಿನ ಸಾಲಿಗೆ ಹೋಗೋದಿಲ್ಲ. ಫೈಲು ಪಕ್ಕದ ಡಿಸ್ಕ್‌ನಲ್ಲೇ ಇರುವ ಸರ್ವರ್‌ಗೆ ಇದು ಹೇಳಿಮಾಡಿಸಿದ್ದು. ನೆಟ್‌ವರ್ಕ್ ದಾಟಿ ಫೈಲು ತರಬೇಕಾದ ಬ್ರೌಸರ್‌ಗೆ ಒಗ್ಗೋದಿಲ್ಲ. ಅದಕ್ಕೇ 2015ರಲ್ಲಿ ಭಾಷೆಯೊಳಗೇ ಬಂದ 'ಇಂಪೋರ್ಟ್', 'ಎಕ್ಸ್‌ಪೋರ್ಟ್' ಬೇರೆ ದಾರಿ ಹಿಡಿದವು. ಕೋಡ್ ಓಡುವ ಮೊದಲೇ ಯಾವ ಫೈಲಿಗೆ ಯಾವುದು ಬೇಕು ಅಂತ ತಿಳಿಯುತ್ತದೆ, ಲೋಡ್ ಆಗುವಾಗ ಕಾಯಲೂಬಹುದು. ನನ್ನ ಪ್ರಕಾರ ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿಯೇ. ಕಷ್ಟ ಬಂದದ್ದು ಎರಡನ್ನೂ ಒಂದೇ ಯೋಜನೆಯಲ್ಲಿ ಬೆರೆಸುವವರಿಗೆ.

ನೋಡ್ 2017ರಲ್ಲಿ 'ಎಂಜೆಎಸ್' ಎಂಬ ಹೊಸ ಎಕ್ಸ್‌ಟೆನ್ಶನ್ ಜೊತೆ ಪ್ರಯೋಗ ಶುರು ಮಾಡಿತು. 2019ರ ಕೊನೆಗೆ 13.2 ಆವೃತ್ತಿಯಲ್ಲಿ ಫ್ಲ್ಯಾಗ್ ಇಲ್ಲದೇ, ಅಂದರೆ ಆಜ್ಞೆಯಲ್ಲಿ ವಿಶೇಷ ಆಯ್ಕೆ ಕೊಡದೇ, 'ಇಂಪೋರ್ಟ್' ಓಡಿತು. ಆದರೂ ಹೊಸ ಮಾಡ್ಯೂಲನ್ನು ಹಳೇ 'ರಿಕ್ವೈರ್'ನಿಂದ ಕರೆದರೆ ಎರರ್ ಬರುತ್ತಿತ್ತು. ಪ್ಯಾಕೇಜ್ ಬರೆಯುವವರು ವರ್ಷಗಟ್ಟಲೆ ಎರಡೆರಡು ಪ್ರತಿ ಕೊಡಬೇಕಾಯಿತು. 2024ರ ಡಿಸೆಂಬರ್‌ನಲ್ಲಿ ಬಂದ 22.12ರಲ್ಲಿ ಆ ಬಾಗಿಲೂ ತೆರೆಯಿತು. ಆದರೆ ಫೈಲಿನಲ್ಲಿ ಯಾವ ಫಂಕ್ಷನ್ನಿನ ಒಳಗೂ ಇಲ್ಲದ 'ಅವೇಯ್ಟ್' (ಒಂದು ಕೆಲಸ ಮುಗಿಯುವವರೆಗೆ ಕಾಯಿ ಅನ್ನುವ ಪದ) ಇದ್ದರೆ 'ರಿಕ್ವೈರ್' ಕಾಯೋದಿಲ್ಲ, ಎರರ್ ಕೊಡುತ್ತದೆ. ಅಂಥ ಫೈಲಿಗೆ ಇವತ್ತಿಗೂ 'ಇಂಪೋರ್ಟ್' ಅನ್ನೇ ಬಳಸಬೇಕು.