57ನೇ ನಂಬರಿನ ಕಾರು ಮತ್ತು ಉಸಿರು ಕಟ್ಟಿದ ಕಬ್ಬಿಣ

2014ರಲ್ಲಿ ಜರ್ಮನಿಯ ಬ್ರಾಂಡನ್‌ಬರ್ಗ್‌ನಲ್ಲಿ ಹಳೇ ಸಾಮಾನು ಹುಡುಕುವ ಟಿವಿ ಕಾರ್ಯಕ್ರಮದವರು ಒಂದು ಕೊಟ್ಟಿಗೆಗೆ ಹೋದರು. ಒಳಗೆ ಎರಡು ಹಳೇ ಪೋರ್ಷೆಗಳು ಸಿಕ್ಕವು. ಸುದ್ದಿ ಕಂಪನಿಯ ಮ್ಯೂಸಿಯಂಗೆ ಮುಟ್ಟಿತು. ಅಲ್ಲಿಯವರು ಚಾಸಿ ನಂಬರ್, ಅಂದರೆ ಕಾರಿನ ಚೌಕಟ್ಟಿಗೆ ಒತ್ತಿದ ಗುರುತಿನ ಸಂಖ್ಯೆ ನೋಡಿದರು. ಚಿನ್ನದ ಬಣ್ಣದ್ದು 1968ರ 911 ಎಲ್. ಕೆಂಪು ಕಾರಿನ ನಂಬರ್ 300057, ಅಂದರೆ 57ನೇ ಕಾರು. ಮ್ಯೂಸಿಯಂ ಎರಡನ್ನೂ ಕೊಂಡಿತು. ಚಿನ್ನದ ಬಣ್ಣದ್ದಕ್ಕೆ 14,500 ಯೂರೊ, ಕೆಂಪಿನದ್ದಕ್ಕೆ 1,07,000 ಯೂರೊ. ಆ ಕೆಂಪು ಕಾರಿಗೆ ಮುಂದಿನ ಮಡ್‌ಗಾರ್ಡ್‌ಗಳೇ ಇರಲಿಲ್ಲ. ಕೊಟ್ಟ ದುಡ್ಡು ತಗಡಿಗಲ್ಲ, ನಂಬರಿಗೆ.

ಈ ಕಾರಿನ ಮಾದರಿ 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಹೊರಬಂದಾಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತಮ್ಮವು ಎಂದು ಫ್ರಾನ್ಸಿನ ಪೂಜೋ ಕಾರು ಕಂಪನಿ ತಕರಾರು ತೆಗೆಯಿತು. 1964ರಲ್ಲಿ ಸೊನ್ನೆ ಹೋಗಿ ಒಂದು ಬಂತು, 911 ಆಯಿತು. ಅಷ್ಟರಲ್ಲಿ 901 ಎಂಬ ಹೆಸರಲ್ಲೇ ತಯಾರಾಗಿದ್ದು 82 ಕಾರು. ಕೊಟ್ಟಿಗೆಯ ಕೆಂಪು ಕಾರು ಅವುಗಳಲ್ಲಿ ಒಂದು.

ನನಗೆ ಹೆಸರಿಗಿಂತ ಜಾಸ್ತಿ ಕುತೂಹಲ ಅದರ ತುಕ್ಕಿನ ಮೇಲೆ. ಸೂರಿನ ಕೆಳಗೆ ನಿಂತಿದ್ದ ಕಾರು ತೂತು ಬೀಳುವಷ್ಟು ಹೇಗೆ ಕೊಳೆಯಿತು? ‘ಗಾಳಿ, ನೀರು ತಾಗಿದ ಕಡೆ ತುಕ್ಕು’ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಸರಿ. ಉಳಿದರ್ಧ ಪೂರ್ತಿ ಉಲ್ಟಾ. ಕಬ್ಬಿಣ ಹೆಚ್ಚು ಕರಗುವುದು ಗಾಳಿ ಚೆನ್ನಾಗಿ ಆಡುವ ಜಾಗದಲ್ಲಲ್ಲ, ಆಡದ ಜಾಗದಲ್ಲಿ.

ನಂಬಿಕೆ ಬರದಿದ್ದರೆ ಒಂದು ಕಬ್ಬಿಣದ ತಗಡನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ, ಮೇಲೊಂದು ತೊಟ್ಟು ಉಪ್ಪುನೀರು ಬಿಡಿ. ಕೆಲವು ಗಂಟೆ ಬಿಟ್ಟು ನೋಡಿ. ತೊಟ್ಟಿನ ಅಂಚಿನ ಪಟ್ಟಿ ಹೊಳೆಯುತ್ತಲೇ ಇರುತ್ತದೆ. ಅದರಿಂದ ಸ್ವಲ್ಪ ಒಳಗೆ ಕಂದು ಬಳೆಯ ಹಾಗೆ ತುಕ್ಕು. ಒರೆಸಿದರೆ ತಗಡು ತಿಂದುಹೋಗಿರುವುದು ನಟ್ಟನಡುವೆ. ಅಂಚಿನಲ್ಲಿ ನೀರು ತೆಳು, ಆಮ್ಲಜನಕ ಸುಲಭವಾಗಿ ಒಳಗಿಳಿಯುತ್ತದೆ. ನಡುವೆ ನೀರು ದಪ್ಪ, ಉಸಿರು ಕಟ್ಟುತ್ತದೆ. ಅಂಚಿನ ಆಮ್ಲಜನಕ ಎಲೆಕ್ಟ್ರಾನ್ ಕೇಳುತ್ತದೆ, ನಡುವಿನ ಕಬ್ಬಿಣ ಕೊಡುತ್ತದೆ. ಎಲೆಕ್ಟ್ರಾನ್ ಲೋಹದೊಳಗೆ ಹರಿಯುತ್ತದೆ. ಕೊಟ್ಟ ಕಬ್ಬಿಣ ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣವಾಗಿ ನೀರಿಗಿಳಿಯುತ್ತದೆ. ಒಂದು ತೊಟ್ಟು ನೀರಲ್ಲೇ ಪುಟ್ಟ ಬ್ಯಾಟರಿ!

ಹೊಲಕ್ಕೆ ನೀರು ಹಾಯಿಸಿದರೆ ಬತ್ತುವುದು ದೂರದ ಬಾವಿ, ಹೊಲವಲ್ಲ. ಅಥವಾ ಸಾಲ ಅನ್ನಿ: ಖರ್ಚು ಮಾಡುವವನು ಒಬ್ಬ, ಆಸ್ತಿ ಕರಗುವುದು ಜಾಮೀನು ನಿಂತವನದು. ಉಪಮೆ ಜಾಸ್ತಿ ಆಯ್ತು, ಇರಲಿ. ಎರಡು ತಗಡು ಒಂದರ ಮೇಲೊಂದು ಕೂತ ಬೆಸುಗೆಯ ಸಂದು, ಬಾಗಿಲ ಕೆಳಗಿನ ಮುಚ್ಚಿದ ಪೆಟ್ಟಿಗೆಯಂಥ ಭಾಗ, ಒದ್ದೆ ಕೆಸರು ಮೆತ್ತಿದ ಮೂಲೆ, ಇವೆಲ್ಲ ಆ ಬತ್ತುವ ಬಾವಿಗಳೇ. ಮಳೆಯೇ ಬೇಕಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾದರೆ ಕಣ್ಣಿಗೆ ಕಾಣದ ನೀರಿನ ಪೊರೆ ಸಾಕು. ಉಪ್ಪು ಸೇರಿದರಂತೂ ಕೇಳಲೇಬೇಡಿ. ತುಕ್ಕಿನ ಮೇಲೆ ಸುಮ್ನೆ ಬಣ್ಣ ಬಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಬಣ್ಣದ ಅಡಿಯಲ್ಲಿ ಸಿಕ್ಕಿಕೊಂಡ ತೇವ ಇನ್ನೊಂದು ಉಸಿರುಗಟ್ಟಿದ ತೊಟ್ಟು.

ಒಬ್ಬ ಕೇಳುವ, ಇನ್ನೊಬ್ಬ ಕೊಡುವ ಈ ವ್ಯವಹಾರವನ್ನು ಎರಡು ಬೇರೆ ಲೋಹಗಳ ನಡುವೆ ಹಡಗಿನವರು ಮೊದಲೇ ಕಂಡಿದ್ದರು. 1761ರಲ್ಲಿ ಬ್ರಿಟನ್ನಿನ ‘ಅಲಾರ್ಮ್’ ಎಂಬ ಯುದ್ಧ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿದರು. ಎರಡು ವರ್ಷ ಬಿಟ್ಟು ನೋಡಿದರೆ ಎಷ್ಟೋ ಕಬ್ಬಿಣದ ಮೊಳೆ ಕರಗಿಹೋಗಿದ್ದವು. ತಾಮ್ರಕ್ಕೂ ಮೊಳೆಗೂ ನಡುವೆ ಕಂದು ಕಾಗದ ಉಳಿದುಕೊಂಡಿದ್ದ ಕಡೆ ಮಾತ್ರ ಮೊಳೆ ಗಟ್ಟಿ. 1824ರಲ್ಲಿ ಬ್ರಿಟನ್ನಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಇದನ್ನೇ ತಿರುಗಿಸಿದ: ತಾಮ್ರ ಉಳಿಸಲು ಬೇಕೆಂತಲೇ ಸತು, ಕಬ್ಬಿಣದ ತುಂಡು ಅಂಟಿಸಿದ. ತಾಮ್ರ ಉಳಿಯಿತು. ಆದರೆ ತಾಮ್ರ ಕರಗದ್ದರಿಂದ ಅದರ ವಿಷವೂ ನೀರಿಗೆ ಸೇರಲಿಲ್ಲ, ಚಿಪ್ಪುಜೀವಿಗಳು ಹಡಗಿಗೆ ಆರಾಮಾಗಿ ಅಂಟಿಕೊಂಡವು. ಪಾಪ ಡೇವಿ.

ಕಾರಿನ ತಗಡಿಗೂ ಸತು ಇಂಥದ್ದೇ ಜಾಮೀನುದಾರ. ಪೋರ್ಷೆ 911ರ ಬಾಡಿಗೆ ಬಿಸಿ ಸತುವಿನ ಲೇಪ ಬಂದದ್ದು 1976ರ ಮಾದರಿಯಿಂದ. 57ನೇ ಕಾರಿಗೆ ಆ ಭಾಗ್ಯ ಇರಲಿಲ್ಲ.

ರಿಪೇರಿಗೆ ಮೂರು ವರ್ಷ ಹಿಡಿಯಿತು. ಕೊಳೆತದ್ದನ್ನು ಕತ್ತರಿಸಿ, ಅದೇ ಕಾಲದ ಬೇರೆ ಕಾರಿನ ತಗಡು ಬೆಸೆದರು. ಮೂಲದ್ದು ಎಷ್ಟು ಉಳಿಸಬಹುದೋ ಅಷ್ಟು ಉಳಿಸಿದರು. ಆಮೇಲೆ ಹೊಸ ಕಾರುಗಳಿಗೆ ಮಾಡುವ ಹಾಗೆಯೇ ಬಾಡಿಯನ್ನು ಪ್ರೈಮರ್ (ಬಣ್ಣಕ್ಕೆ ಮುಂಚಿನ ಅಡಿಪದರ) ತೊಟ್ಟಿಯಲ್ಲಿ ಅದ್ದಿದರು. ಈ ವಿಧಾನದಲ್ಲಿ ಕಾರನ್ನೇ ಋಣ ಧ್ರುವ ಮಾಡಿ ವಿದ್ಯುತ್ ಹಾಯಿಸುತ್ತಾರೆ. ಎಲೆಕ್ಟ್ರಾನ್ ಈ ಸಲ ಹೊರಗಿನಿಂದ ತಗಡಿಗೆ ಬರುತ್ತದೆ, ಬಣ್ಣದ ಕಣಗಳು ಅದರತ್ತ ಸೆಳೆದುಕೊಂಡು ಹೋಗಿ ಕೂರುತ್ತವೆ. ಬ್ರಷ್ ಮುಟ್ಟದ ಮುಚ್ಚಿದ ಸಂದುಗಳಿಗೂ ತೂರುತ್ತವೆ. 2017ರ ಡಿಸೆಂಬರ್‌ನಲ್ಲಿ ಕೆಂಪು ಕಾರು ಸ್ಟುಟ್‌ಗಾರ್ಟ್‌ನ ಮ್ಯೂಸಿಯಂನಲ್ಲಿ ನಿಂತಿತು, 1964ರಲ್ಲಿ ಕಾರ್ಖಾನೆಯಿಂದ ಹೊಚ್ಚಹೊಸದಾಗಿ ಹೊರಬಂದಾಗಲೂ ಇರದಿದ್ದ ಒಂದು ಪದರ ಹೊದ್ದು.