ಭೀಮಾ ದಂಡೆಗೆ ಉದ್ದ ಸ್ಪೇ ರಾಡ್ ಬೇಕಾ?

ಪ್ರಶ್ನೆ: ನಾನು ಜೇವರ್ಗಿಯವನು. ನನ್ನ ಹತ್ತಿರ ಮೀನು ಹಿಡಿಯುವ 9 ಅಡಿಯ ಫ್ಲೈ ರಾಡ್ ಇದೆ. ಭೀಮಾ ದಂಡೆಯಲ್ಲಿ ಬೀಸಿದಾಗಲೆಲ್ಲ ಕೊಕ್ಕೆ ಹಿಂದಿನ ಜಾಲಿ ಕಂಟಿಗೆ ಸಿಕ್ಕಿಕೊಳ್ಳುತ್ತದೆ. ಸ್ಪೇ ಕಾಸ್ಟಿಂಗ್ ಕಲಿತರೆ ಈ ಕಾಟ ತಪ್ಪುತ್ತದೆ ಅಂತಾರೆ. ಅದಕ್ಕೆ ಎರಡು ಕೈಯಲ್ಲಿ ಹಿಡಿಯುವ ಉದ್ದ ರಾಡ್ ಕೊಳ್ಳಲೇಬೇಕಾ?

ಬೇಡ, ಇರುವ ರಾಡಲ್ಲೇ ಆಗುತ್ತದೆ.

ಎರೆಹುಳು ಚುಚ್ಚಿದ ಗಾಳಕ್ಕೆ ಸೀಸದ ಗುಂಡು ಕಟ್ಟಿರುತ್ತೇವೆ. ಒಗೆದರೆ ಆ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಹಾಗಲ್ಲ. ಗರಿ, ನೂಲು ಸುತ್ತಿದ ಕೊಕ್ಕೆ ಅದು, ತೂಕ ಇಲ್ಲವೇ ಇಲ್ಲ ಅನ್ನಬಹುದು. ಭಾರ ಇರೋದು ದಪ್ಪ ಲೈನಿಗೆ. ಅದನ್ನು ಬಾರುಕೋಲಿನ ಹಾಗೆ ಹಿಂದಕ್ಕೆ ಪೂರ್ತಿ ಬಿಚ್ಚಿ ಆಮೇಲೆ ಮುಂದಕ್ಕೆ ಬೀಸಬೇಕು. ಅಷ್ಟು ಜಾಗ ಜಾಲಿ ಎಲ್ಲಿ ಬಿಡುತ್ತದೆ?

ಸ್ಕಾಟ್ಲೆಂಡಿನ ಸ್ಪೇ ನದಿಯಲ್ಲೂ ಇದೇ ಗೋಳು. ಬೆನ್ನಿಗೆ ಮರ, ಎತ್ತರದ ದಂಡೆ. 19ನೇ ಶತಮಾನದಲ್ಲಿ ಅಲ್ಲಿ ಸಾಲ್ಮನ್ ಹಿಡಿಯುವವರು ಲೈನನ್ನು ಹಿಂದಕ್ಕೆ ಬಿಚ್ಚದೆಯೇ ಒಗೆಯೋದನ್ನು ಪಳಗಿಸಿಕೊಂಡರು, ಅದೇ ಸ್ಪೇ ಕಾಸ್ಟಿಂಗ್. ಲೈನಿನ ತುದಿ ನೀರಿನ ಮೇಲೆ ಕೂತಿರುತ್ತದೆ, ಅದು ಆಂಕರ್. ಉಳಿದದ್ದು ರಾಡಿನ ಹಿಂದೆ 'ಡಿ' ಆಕಾರದಲ್ಲಿ ಬಾಗುತ್ತದೆ, ಅದು ಡಿ-ಲೂಪ್. ತುದಿಯನ್ನು ನೀರು ಹಿಡಿದಿರುವುದರಿಂದ ಬೀಸಿದಾಗ ರಾಡ್ ಬಾಗಿ ಲೈನನ್ನು ಮುಂದಕ್ಕೆ ಚಿಮ್ಮಿಸುತ್ತದೆ.

12ರಿಂದ 15 ಅಡಿಯ ರಾಡ್ ಅಗಲವಾದ, ಜೋರಾಗಿ ಹರಿಯುವ ಹೊಳೆಯದು. ಸಮುದ್ರದಿಂದ ಮರಳಿದ ಸಾಲ್ಮನ್ ಹೊಳೆಯಲ್ಲಿ ಮೇಯೋದಿಲ್ಲ. ಫ್ಲೈ ಹರಿವಿಗೆ ಅಡ್ಡ ತೇಲಿ ಬಂದಾಗ ಕೆಣಕಿದಂತಾಗಿ ಬಾಯಿ ಹಾಕುತ್ತದೆ. ಬ್ಯಾರೇಜಿನ ಹಿಂದೆ ನಿಂತ ಭೀಮಾ ನೀರಿನಲ್ಲಿ ಆ ಹರಿವೇ ಇಲ್ಲವಲ್ಲ! ಇಲ್ಲಿನ ಕೊರಮೀನು ದಂಡೆ ಪಕ್ಕದ ಜೊಂಡಿನಲ್ಲೇ ಹೊಂಚು ಹಾಕಿರುತ್ತದೆ. 30-40 ಅಡಿ ಹೋದರೆ ಧಾರಾಳವಾಯಿತು.

ಮೊದಲು ರೋಲ್ ಕಾಸ್ಟ್ ಕಲಿಯಿರಿ. ರಾಡನ್ನು ನಿಧಾನವಾಗಿ ಕಿವಿಯ ಹಿಂದಕ್ಕೆ ತನ್ನಿ, ಲೈನು ಜೋತು ಬಿದ್ದು ನಿಲ್ಲಲಿ, ಆಮೇಲೆ ಮುಂದಕ್ಕೆ ಬೀಸಿ ತಟ್ಟನೆ ನಿಲ್ಲಿಸಿ. ಒಣ ಹುಲ್ಲಿನ ಮೇಲೆ ತುದಿ ಜಾರುತ್ತದೆ, ನೀರಲ್ಲೇ ಅಭ್ಯಾಸ ಮಾಡಿ.

ನೀರು ಹರಿಯುವಾಗ ಡಬಲ್ ಸ್ಪೇ ನೋಡಬಹುದು. ನಿಮ್ಮ ಜೇವರ್ಗಿ ಕಡೆ ದಂಡೆಯಲ್ಲಿ ಹೊಳೆಗೆ ಮುಖ ಮಾಡಿ ನಿಂತರೆ ಹರಿವು ಎಡದಿಂದ ಬಲಕ್ಕೆ. ಬಲಗೈಯವರಿಗೆ ಹೇಳಿ ಮಾಡಿಸಿದ ದಂಡೆ. ಲೈನು ಬಲಗಡೆ ಕೆಳಕ್ಕೆ ಚಾಚಿಕೊಂಡಿರಲಿ. ರಾಡ್ ಎತ್ತಿ ಅದರ ತುದಿಯನ್ನು ಎಡಕ್ಕೆ ತನ್ನಿ. ಲೈನು ನಿಮ್ಮ ಮುಂದೆ ನೀರಿನ ಮೇಲೆ ಮಲಗುತ್ತದೆ, ಆದರೆ ಫ್ಲೈ ನಿಮ್ಮ ಬಲಕ್ಕೇ ಉಳಿಯಬೇಕು. ಎಡಕ್ಕೆ ದಾಟಿತೋ, ಲೈನಿಗೆ ಲೈನೇ ಸುತ್ತಿಕೊಳ್ಳುತ್ತದೆ. ಈಗ ರಾಡನ್ನು ಮತ್ತೆ ಬಲಕ್ಕೆ ಸುತ್ತಿಸಿ ಹಿಂದಕ್ಕೆ ತನ್ನಿ. ಬಲ ಭುಜದ ಹಿಂದೆ ಡಿ-ಲೂಪ್ ಕಟ್ಟಿದ ಕೂಡಲೇ ಮುಂದಕ್ಕೆ ಒಗೆಯಿರಿ.

ಗಾಳಿ ಹರಿವಿನ ಜೊತೆಗೇ ಬೀಸುತ್ತಿದ್ದರೆ ಮಾತ್ರ ಇದು. ಹರಿವಿಗೆ ಎದುರು ಬೀಸುತ್ತಿದ್ದರೆ ಸಿಂಗಲ್ ಸ್ಪೇ, ಅಂದರೆ ಲೈನನ್ನು ಒಂದೇ ಸಲಕ್ಕೆ ಹರಿವಿನ ಮೇಲ್ಗಡೆಗೆ ತಂದು ಒಗೆಯೋದು. ತಪ್ಪಿದರೆ ಕೊಕ್ಕೆ ನಿಮ್ಮ ಮುಖಕ್ಕೇ ಬರುತ್ತದೆ. ಕನ್ನಡಕ, ಟೊಪ್ಪಿಗೆ ಇಲ್ಲದೆ ಬೀಸಬೇಡಿ.

ಇನ್ನೊಂದು ವಿಷಯ. ಡಬಲ್ ಸ್ಪೇಯಲ್ಲಿ ಲೈನು ನೀರನ್ನು ಸೀಳಿ ಏಳುವ ಸದ್ದು ಜಾಸ್ತಿ. ಕಟ್ಟಿಸಂಗಾವಿ ಸೇತುವೆ ಹತ್ತಿರ ಬೆಂಡು ನೋಡುತ್ತಾ ಕೂತಿದ್ದ ಕಾಕಾ ಒಬ್ಬರು ಕೇಳಿಯೇ ಬಿಟ್ಟರು: "ತಮ್ಮಾ, ಮೀನ ಹಿಡಿಲಾಕ ಬಂದಿಯೋ, ನೀರ ಬಡಿಲಾಕ ಬಂದಿಯೋ?" ಮಾತು ಖರೆ. ತೆಳು ನೀರಿನಲ್ಲಿ ಈ ಸದ್ದಿಗೆ ಮೀನು ಓಡುತ್ತದೆ, ಅಲ್ಲಿ ರೋಲ್ ಕಾಸ್ಟೇ ವಾಸಿ.

ಸ್ಪೇ ನದಿಯಲ್ಲಿ ಸೊಂಟದ ಮಟ್ಟ ನೀರಿಗಿಳಿದು ಒಗೆಯುತ್ತಾರೆ. ಅದನ್ನು ಮಾತ್ರ ಇಲ್ಲಿ ಮಾಡಬೇಡಿ. ಕೃಷ್ಣಾದಲ್ಲಿ ಮೊಸಳೆಗಳಿವೆ, ಭೀಮಾದಲ್ಲೂ ಕಾಣಿಸುತ್ತವೆ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಗೊತ್ತಾಗೋದಿಲ್ಲ. ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ದಂಡೆ ಮೇಲಿಂದಲೇ ಒಗೆಯಿರಿ. ಕೆರೆ, ಜಲಾಶಯಗಳಲ್ಲಿ ಮೀನು ಗುತ್ತಿಗೆಗೆ ಹೋಗಿರುವುದುಂಟು, ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಹೋಗಿ.